ಬೆಟ್ಟವನ್ನು ಬೈಯದ ಆಂಟಿ

ನಾವು ವಲಸೆ ಬಂದು ನೆಲೆಸಿದ್ದ ಕ್ರಾನ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಡೋನೇಷ್ಯಾದ ಆಂಟಿ ಮೆಣಸಿನ ಗಿಡ ನೆಡುವಾಗಲೆಲ್ಲ ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿ, ಇದರಲ್ಲಿ ಸತ್ವವಿಲ್ಲ ಎಂಬಂತೆ ತಲೆಯಾಡಿಸುತ್ತಿದ್ದರು. ಅವರ ಊರು ಜ್ವಾಲಾಮುಖಿಯ ಬುಡದಲ್ಲಿತ್ತಂತೆ. ಅಲ್ಲಿಯ ಬೂದಿಮಣ್ಣಿನಲ್ಲಿ ಏನು ನೆಟ್ಟರೂ ಬರುತ್ತಿತ್ತಂತೆ. "ನಮ್ಮ ಬೆಟ್ಟ ಕೆಟ್ಟದ್ದಲ್ಲ" ಎಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಪದೇ ಪದೇ ಹೇಳುತ್ತಿದ್ದರು. ಅದೇ ಬೆಟ್ಟ ಒಮ್ಮೆ ಸಿಡಿದು ಊರನ್ನು ಮುಚ್ಚಿಹಾಕಿದ್ದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ.

ಒಂದು ಭಾನುವಾರ ನನ್ನ ಮಗಳು ಸ್ಕೂಲ್ ಪ್ರಾಜೆಕ್ಟಿಗೆ ಮಾಡಿದ ಜೇಡಿಮಣ್ಣಿನ ಜ್ವಾಲಾಮುಖಿಯನ್ನು ಅವರಿಗೆ ತೋರಿಸಲು ಒಯ್ದಳು; ನಾನೂ ಜೊತೆಗೆ ಹೋದೆ. ಅದರ ಬುಡದಲ್ಲಿ ಪುಟ್ಟ ಮನೆಗಳೂ ಪ್ಲಾಸ್ಟಿಕ್ ಹಸುಗಳೂ ಇದ್ದವು. ಒಳಗೆ ಅಡುಗೆ ಸೋಡಾ ಹಾಕಿ, ಲಾವಾದಂತೆ ನೊರೆ ಉಕ್ಕಲೆಂದು ವಿನೆಗರ್ ಸುರಿಯಬೇಕು ಅನ್ನುವಷ್ಟರಲ್ಲಿ ಆಂಟಿ, "ಸ್ವಲ್ಪ ತಾಳು ಮಗು" ಎಂದು ಹಸುಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಂಡರು.

"ಆಂಟಿ, ಇಟ್ಸ್ ಜಸ್ಟ್ ವಿನೆಗರ್!" ಮಗಳು ನಕ್ಕಳು.

"ಗೊತ್ತು. ಅವತ್ತು ನಾವೆಲ್ಲ ಲಾರಿ ಹತ್ತಿದ್ವಿ. ಹಸು ಬಿಚ್ಚಿ ಬರ್ತೀನಿ ಅಂತ ನನ್ನ ತಂಗಿ ವಾಪಸ್ ಓಡಿದಳು. ಬರಲೇ ಇಲ್ಲ."

ಮಗಳು ನನ್ನ ಮುಖ ನೋಡಿದಳು. ಆಮೇಲೆ ವಿನೆಗರ್ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಆಂಟಿಯ ಪಕ್ಕಕ್ಕೆ ಹೋಗಿ ಕೂತಳು.