ಗಟ್ಟಿ ಮೈಯವರು

ನಮ್ಮ ಊರಿನ ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಾಗ ಬೇಸಿಗೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಮಂಗನ ಕಾಯಿಲೆ ಎಂದರೆ ನಮ್ಮ ಕಡೆ ಗಲಾಟೆ ಮಾಡುವ ಮಕ್ಕಳೂ ಸುಮ್ಮನಾಗುತ್ತಾರೆ. ಸತ್ತ ಮಂಗನ ಮೈಯಿಂದ ಇಳಿದ ಉಣುಗು, ರಕ್ತ ಹೀರುವ ಆ ಸಣ್ಣ ಹುಳ, ಕಾಡಿನ ಒಣ ಎಲೆಯಲ್ಲಿ ಕೂತಿರುತ್ತದೆ, ಕಚ್ಚಿದರೆ ಜ್ವರ. ಆದರೆ ಕೊಟ್ಟಿಗೆಗೆ ಹಾಸಲು ಆ ಒಣ ಎಲೆಯೇ, ಆ ದರಗೇ ಬೇಕು.

ಯಾರು ಹೋಗುವುದು ಎಂಬ ಮಾತು ಬಂದಾಗ ಕೇರಿಯವರು ತಣ್ಣಗೆ ತೀರ್ಮಾನ ಮಾಡಿದರು. ವಯಸ್ಸಾದ ಹೆಂಗಸರು ಹೋಗಲಿ, ವರ್ಷಾವರ್ಷ ಉಣುಗು ಕಚ್ಚಿಸಿಕೊಂಡು ಅವರ ಮೈ ಗಟ್ಟಿಯಾಗಿದೆ, ಅವರಿಗೇನೂ ಆಗುವುದಿಲ್ಲ. ತಮಾಷೆಯೆಂದರೆ ನಮಗದು ಹೊಗಳಿಕೆಯಂತೆ ಕೇಳಿಸಿತು. ಮನೆಯಲ್ಲಿ ಯಾವುದಕ್ಕೂ ಬೇಡವಾದವರು ಒಮ್ಮೆಲೇ ಬೇಕಾದವರಾಗಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವಳಾದ ಪಕ್ಕದ ಮನೆಯ ಅಕ್ಕ ಸೀರೆ ಎತ್ತಿಕಟ್ಟಿ ಎಲ್ಲರಿಗಿಂತ ಮುಂದೆ ಹೊರಟಳು. ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಆಸ್ಪತ್ರೆಯವರು ಕೊಟ್ಟ ಎಣ್ಣೆ ಹಿಡಿದು ಅವಳ ಮೊಮ್ಮಗಳು ಹಿಂದೆ ಓಡಿಬಂದರೆ ನಾವು ನಕ್ಕುಬಿಟ್ಟೆವು. ಕಾಲೇಜಿಗೆ ಹೋಗುವ ಹುಡುಗಿಗೆ ಕಾಡಿನ ವಿಷಯ ಏನು ಗೊತ್ತು? ಆ ದಿನ ಕಾಡಿನಲ್ಲಿ ಒಂದು ಮಂಗವೂ ಕಿರುಚಲಿಲ್ಲ. ನಾವು ದರಗು ಗುಡಿಸುವ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ನನಗದು ಹಿಡಿಸಲಿಲ್ಲ.

ವಾರದೊಳಗೆ ಅಕ್ಕನಿಗೆ ಜ್ವರ, ತಲೆ ಸಿಡಿಯುವ ನೋವು. ವಯಸ್ಸಾಯಿತಲ್ಲ ಎಂದರು ಮಗ, ಸೊಸೆ. ರಕ್ತ ಪರೀಕ್ಷೆ ಮಾಡಿಸೋಣ ಎಂದ ಮೊಮ್ಮಗಳನ್ನು ನಿನ್ನೆ ಮೊನ್ನೆ ಕಣ್ಣುಬಿಟ್ಟವಳು ಎಂದು ಬಾಯಿ ಮುಚ್ಚಿಸಿದರು. ನಾನೂ ಅದನ್ನೇ ಹೇಳಿದ್ದಕ್ಕೆ, ಮುದುಕಿಗೆ ಅರಳುಮರಳು ಎಂದರು. ಅಷ್ಟರಲ್ಲಿ ಜ್ವರ ಬಿಟ್ಟಿತು. ಅಕ್ಕ ಎದ್ದು ಕೂತು ಗಂಜಿ ಕುಡಿದಳು. ಮನೆಯವರು ಗೆದ್ದವರ ಹಾಗೆ ನಮ್ಮಿಬ್ಬರ ಮುಖ ನೋಡಿದರು. ಈ ಜ್ವರ ಒಮ್ಮೆ ಬಿಟ್ಟು ಮತ್ತೆ ಬರುತ್ತದಂತೆ ಎಂದು ಹುಡುಗಿ ಹಿತ್ತಲಲ್ಲಿ ನನಗೆ ಮೆಲ್ಲಗೆ ಹೇಳಿದಳು.

ಬಂತು. ಈ ಸಲ ಅಕ್ಕ ಯಾರನ್ನೂ ಗುರುತಿಸಲಿಲ್ಲ. ನಾನೂ ಆ ಹುಡುಗಿಯೂ ಯಾರ ಅಪ್ಪಣೆಗೂ ಕಾಯದೆ ಗಾಡಿ ತರಿಸಿ ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ಮಂಗನ ಕಾಯಿಲೆಯೇ ಎಂದು ಗೊತ್ತಾಯಿತು. ಅಕ್ಕ ಉಳಿಯಲಿಲ್ಲ.

ಸಾವಿನ ಮನೆಗೆ ಬಂದವರೆಲ್ಲ ವಯಸ್ಸಾಗಿತ್ತು, ತುಂಬು ಬಾಳು ಬಾಳಿದಳು ಎನ್ನುತ್ತಿದ್ದರು. ಮೊಮ್ಮಗಳು ಎದ್ದು ನಿಂತಳು.

"ಅಜ್ಜಿ ವಯಸ್ಸಾಗಿ ಸತ್ತಿದ್ದಲ್ಲ. ಜ್ವರ ಬಂದು ಸತ್ತಿದ್ದು."

ದೊಡ್ಡವರ ಮುಂದೆ ಮಾತು ಬೇಡ ಎಂದು ಅವಳಪ್ಪ ಗದರಿದ.

"ನಾನೂ ದೊಡ್ಡೋಳೇ ಕಣಾ," ಎಂದೆ. "ಅವ್ಳು ಮಾತಾಡ್ಲಿ."

ದರಗಿಗೆ ಹೋದವರೆಲ್ಲ ಇವತ್ತೇ ರಕ್ತ ಪರೀಕ್ಷೆಗೆ ಹೊರಡಬೇಕು ಎಂದಳು ಹುಡುಗಿ. ನಾನು ಎದ್ದೆ. ಅಕ್ಕ ಜ್ವರ ಹಿಡಿದು ಮಲಗಿದ ಮೇಲೂ ಕಾಡಿಗೆ ಹೋಗುತ್ತಿದ್ದ ನಮ್ಮ ಜೊತೆಯವಳೊಬ್ಬಳು ಮೂಲೆಯಲ್ಲಿ ಕೂತಿದ್ದಳು. ಅವಳು ಏಳಲಿಲ್ಲ. ತನಗೆ ಜ್ವರ ಬಂದಿದ್ದು ನಿಜ, ಆದರೆ ಮೊನ್ನೆಯೇ ಬಿಟ್ಟಿದೆ, ಈಗ ಆರಾಮ ಎಂದಳು.