ಬಳೆಗಾರ ಕಾಕಾನ ಕೈ

ಎಡಗೈ ಇರಬೇಕು, ಅಥವಾ ನೆನಪು ತನಗೆ ಅನುಕೂಲವಾದ ಕೈಯನ್ನು ಆರಿಸಿಕೊಂಡಿದೆಯೋ ಏನೋ. ಗದಗಿನಲ್ಲಿ ಅಣ್ಣನ ಡಯಾಲಿಸಿಸ್‌ಗೆ ಹೋದಾಗಲೆಲ್ಲ, ಕಾಯುವ ಬೆಂಚಿನ ಮೇಲೆ ಲಕ್ಷ್ಮೇಶ್ವರದ ಬಳೆಗಾರ ಕಾಕಾ ಕೂತಿರುತ್ತಿದ್ದರು. ಅವರಿಗೂ ಡಯಾಲಿಸಿಸ್; ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದ ಆ ಕೈಯನ್ನು ಬಂದವರೆಲ್ಲರ ಕಿವಿಗೆ ಹಿಡಿಯುತ್ತಿದ್ದರು. ಒಳಗೆ ರಕ್ತ ಗುಂಯ್ ಎನ್ನುತ್ತಿತ್ತು.

"ಗಿರಣಿ ಚಾಲೂ ಐತಿ, ಕೇಳ್ರಿ!"

ಪಕ್ಕದಲ್ಲಿ ಕೂತಿದ್ದ ಮುಂಡರಗಿಯ ಹೆಣ್ಣುಮಗಳದೂ ಅಂಥದೇ ಕೈ, ಆದರೆ ಅದರಲ್ಲಿ ಆ ಸದ್ದು ಸಣ್ಣಗಾಗಿತ್ತು. ಬಿಗಿ ಬಳೆ ಒತ್ತಿದರೆ ರಕ್ತ ಹೆಪ್ಪುಗಟ್ಟುತ್ತದೆ, ಮತ್ತೆ ಆಪರೇಷನ್ ಆಗಬೇಕಾದೀತು ಎಂದು ನರ್ಸ್ ಬೈದರೂ ಆಕೆ ಬಳೆ ತೆಗೆಯಲೊಲ್ಲಳು. ಗಂಡ ಇರುವಾಗ ಬರಿಗೈಯೇ?

"ಕೈ ಸಡ್ಲ ಬಿಡು, ಯವ್ವಾ," ಎಂದರು ಕಾಕಾ. ಬಳೆ ತೊಡಿಸುವಾಗ ಜೀವನವಿಡೀ ಹೇಳಿದ ಮಾತು ಅದೇ. "ಎಲ್ಲಾ ಆ ಕಡೆ ಕೈಗೆ ಹಾಕ್ತೀನಿ. ನಿನ್ನ ಗಂಡಗ ಏನೂ ಆಗಾಂಗಿಲ್ಲ."

ಆಕೆ ಕಾಕಾನ ಕೈ ನೋಡಿದಳು. ಗುಂಯ್‌ಗುಡುವ ಆ ಕೈಗೇ ದಾರವೊಂದು ಬಿಗಿದಿತ್ತು.

"ಇದೇನ್ರಿ ಕಾಕಾ?"

"ಇದು ದರ್ಗಾದ್ದವ್ವಾ. ಒತ್ತಾಂಗಿಲ್ಲ."

"ನನ್ನ ಬಳೀನೂ ದ್ಯಾಮವ್ವನ ಗುಡ್ಯಾಗ ತೊಟ್ಟವ್ರಿ. ಅವೂ ಒತ್ತಾಂಗಿಲ್ಲ ಬಿಡ್ರಿ."

ಕಾಕಾ ದಾರದ ಕೈ ಚಾಚಿ, "ಆತು, ಮದ್ಲ ನಂದು ಬಿಚ್ಚು," ಎಂದರು.

"ಕೈ ಸಡ್ಲ ಬಿಡ್ರಿ, ಕಾಕಾ," ಎಂದಳು ಆಕೆ.

ದಾರ ಇನ್ನೊಂದು ಕೈಗೆ ಹೋಯಿತು. ಕಾಕಾ ಒಂದೂ ಒಡೆಯದಂತೆ ಬಳೆ ಇಳಿಸಿ, ಆಕೆಯ ಇನ್ನೊಂದು ಕೈಗೆ ಮೊಣಕೈತನಕ ಏರಿಸಿದರು.

ಅಣ್ಣನ ಪಾಳಿ ಬದಲಾದ ಮೇಲೆ ಅವರಿಬ್ಬರನ್ನೂ ನಾನು ನೋಡಿಲ್ಲ. ಆ ಕೈಗಳು ಇನ್ನೂ ಗುಂಯ್‌ಗುಡುತ್ತಿವೆಯೋ ಇಲ್ಲವೋ, ನನಗೆ ಗೊತ್ತಿಲ್ಲ.