ಟೇಪ್ ರೆಕಾರ್ಡರ್ ಪೆಟ್ಟಿಗೆಯ ಕುಸುರೆಳ್ಳು

ಯರಗಟ್ಟಿಯಲ್ಲಿ ಅಪ್ಪನದು ರೇಡಿಯೊ, ಟೇಪ್ ರೆಕಾರ್ಡರ್ ಮಾರುವ ಅಂಗಡಿ. ತೊಂಬತ್ತರ ದಶಕವದು. ಹತ್ತಿ ಮಾರಿ ಬಂದವರು ರಟ್ಟಿನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಟೇಪನ್ನಷ್ಟೇ ಹೆಗಲಿಗೇರಿಸಿಕೊಂಡು ಹಾಡು ಹಚ್ಚುತ್ತಲೇ ಬಸ್ ಹತ್ತುತ್ತಿದ್ದರು. ಆ ಖಾಲಿ ಪೆಟ್ಟಿಗೆಗಳು ನಮ್ಮ ಮನೆ ಸೇರುತ್ತಿದ್ದವು. ಅಪ್ಪನ ತಾಯಿ, ನಮ್ಮ ಆಯಿ, ಅವುಗಳ ಸುತಳಿಯನ್ನೂ ಎಸೆಯಗೊಡುತ್ತಿರಲಿಲ್ಲ.

ಪೆಟ್ಟಿಗೆಯ ಮೂಲೆಯಲ್ಲಿ ಬಿಳಿ ಕಾಳಿನ ಸಣ್ಣ ಪೊಟ್ಟಣ ಇರುತ್ತಿತ್ತು. ನೋಡಲು ಥೇಟ್ ಸಂಕ್ರಾಂತಿಯ ಕುಸುರೆಳ್ಳು. ಗಿರಾಕಿಯ ಬಾಯಿ ಸಿಹಿಯಾಗಲಿ ಎಂದು ಕಂಪನಿಯವರೇ ಇಟ್ಟಿದ್ದಾರೆಂದು ಆಯಿ ತಿಳಿದಿದ್ದಳು. ತಾನು ಒಂದು ಕಾಳನ್ನೂ ಬಾಯಿಗೆ ಹಾಕದೆ, ಹಬ್ಬಕ್ಕೆಂದು ಡಬ್ಬಿಯಲ್ಲಿ ಕೂಡಿಸುತ್ತ ಹೋದಳು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ನಾನು ಬೈಲಹೊಂಗಲದ ಹಾಸ್ಟೆಲಿನಲ್ಲಿದ್ದೆ.

ಆ ವರ್ಷ ಎದುರುಮನೆಯವರಿಗೂ ನಮಗೂ ಗಟಾರದ ನೀರಿನ ವಿಷಯಕ್ಕೆ ಮಾತು ಬಿಟ್ಟಿತ್ತು. ಗಂಡಸರ ಜಗಳದಲ್ಲಿ ಆಯಿ ತನ್ನ ಜೀವದ ಗೆಳತಿಯನ್ನು ಕಳೆದುಕೊಂಡಿದ್ದಳು. ಎದುರುಮನೆಯ ಹಿರಿಯಾಕೆಯೂ ಆಯಿಯೂ ಒಂದೇ ವರ್ಷ ಸೊಸೆಯಂದಿರಾಗಿ ಆ ಓಣಿಗೆ ಬಂದವರು. ಕುಸುರೆಳ್ಳು ಕೊಟ್ಟರೆ ಯಾರೂ ಬೇಡ ಅನ್ನುವಂತಿಲ್ಲ, ಇಸಿದುಕೊಂಡು ಒಳ್ಳೆಯ ಮಾತಾಡಬೇಕು. ಆ ಧೈರ್ಯದ ಮೇಲೆ ಆಯಿ ಇಳಕಲ್ ಸೀರೆ ಉಟ್ಟು, ಡಬ್ಬಿಯಿಂದ ಒಂದು ಪೊಟ್ಟಣ ಹಿಡಿದು ರಸ್ತೆ ದಾಟಿದಳು. ಹಬ್ಬಕ್ಕೆ ಬಂದಿದ್ದ ನಾನು ನಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಗೆಳತಿ ಆಯಿಯ ಕೈ ಹಿಡಿದು ಪಕ್ಕದಲ್ಲೇ ಕೂಡಿಸಿಕೊಂಡಳು, ಪೊಟ್ಟಣ ಹರಿದು ಕಾಳು ಬಾಯಿಗೆ ಹಾಕಿಕೊಂಡಳು.

ಕಾಳು ಚಟಚಟ ಸಿಡಿದು ನಾಲಿಗೆಗೆ ಅಂಟಿಕೊಂಡವಂತೆ. ಆಕೆ ಉಗುಳಿದಳು, ಮತ್ತೆ ಉಗುಳಿದಳು. ಅವಳ ಮಗ ವಿಷ ಹಾಕಿದರೆಂದು ಕೂಗುತ್ತ ಹೊರಗೆ ಬಂದ. ಓಣಿಗೆ ಓಣಿಯೇ ನೆರೆಯಿತು. ಇಂಗ್ಲಿಷ್ ಬರುತ್ತದೆಂದು ನನ್ನನ್ನು ಕರೆದು ಪೊಟ್ಟಣ ಓದಿಸಿದರು. ತಿನ್ನಬೇಡಿ, ಎಸೆಯಿರಿ ಎಂದು ಬರೆದಿತ್ತು. ಎಲ್ಲರೆದುರು ಅದನ್ನು ಕನ್ನಡದಲ್ಲಿ ಹೇಳುವಾಗ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ದವಾಖಾನೆಗೆ ಕರೆದೊಯ್ದಾಗ ಡಾಕ್ಟರು ಪೊಟ್ಟಣ ನೋಡಿ ನಕ್ಕರು. ಸಾಮಾನಿಗೆ ತೇವ ಹಿಡಿಯದಿರಲೆಂದು ಇಡುವ ಕಾಳಿದು, ವಿಷವಲ್ಲ, ಹೊಟ್ಟೆಯಲ್ಲಿ ಕರಗುವುದಿಲ್ಲ, ಹೇಗೆ ಹೋಯಿತೋ ಹಾಗೇ ಹೊರಬೀಳುತ್ತದೆ, ನೀರು ಕುಡಿಯಿರಿ ಅಂದರು. ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕೀತು, ಅವರ ಕೈಗೆ ಕೊಡಬೇಡಿ. ನೀಲಿ ಕಾಳಾದರೆ ಮಾತ್ರ ಅದರ ಬಣ್ಣವೇ ವಿಷ, ತಡಮಾಡದೆ ಬನ್ನಿ ಎಂದೂ ಹೇಳಿದರು.

ಆಕೆಯ ಜೀವಕ್ಕೇನೂ ಆಗಲಿಲ್ಲ. ಆದರೆ ಆಯಿ ಬೇಕೆಂದೇ ಕೊಟ್ಟಳೆಂಬ ಮಾತು ಓಣಿಯಲ್ಲಿ ನಿಂತೇಬಿಟ್ಟಿತು. ಅದನ್ನು ತೊಳೆಯಲು ಅಪ್ಪನಿಗೆ ಒಂದೇ ದಾರಿ ಕಂಡಿತು. ಆಯಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಎದುರುಮನೆಯ ಅಂಗಳದಲ್ಲಿ ಕೈಮುಗಿದ.

"ನಮ್ಮವ್ವ ಅಡಾಣಿ ಅದಾಳ್ರಿ. ಓದಾಕ ಬರೂದಿಲ್ಲ, ಏನ್ ಕೊಡಬೇಕು ಏನ್ ಕೊಡಬಾರದು ಅನ್ನೂದೂ ತಿಳಿಯೂದಿಲ್ಲ. ದೊಡ್ಡ ಮನಸ ಮಾಡ್ರಿ."

ಬಾಣಂತಿಗೆ ಏನು ಕೊಡಬೇಕು, ಬಿತ್ತುವ ಜೋಳ ಯಾವುದು ಎಂದು ಇಡೀ ಓಣಿ ಕೇಳಲು ಬರುತ್ತಿದ್ದುದು ಅದೇ ಆಯಿಯ ಹತ್ತಿರ. ಆದರೂ ನೆರೆದವರ ಮುಖಗಳು ಸಡಿಲಾದವು, ಯಾರೋ ನಕ್ಕರು. ಮನೆಯ ಮಾನ ಉಳಿಯಿತು, ಆಯಿಯ ಮಾನ ಹೋಯಿತು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಸದ್ಯ ಮುಗಿಯಿತಲ್ಲ ಎಂಬ ನಿರಾಳವೂ ಬಂತು. ಆ ನಿರಾಳಕ್ಕೆ ನನಗಾದ ನಾಚಿಕೆ ಹೇಳತೀರದು. ಆಯಿ ಸೆರಗು ಮುಂದಕ್ಕೆಳೆದುಕೊಂಡಳು.

ಮರುವರ್ಷದ ಸಂಕ್ರಾಂತಿಗೆ ಆಯಿ ಒಲೆಯ ಮುಂದೆ ಕೂತು, ಎಳ್ಳಿಗೆ ಪಾಕ ಹನಿಸಿ ಹನಿಸಿ, ಕುಸುರೆಳ್ಳನ್ನು ತಾನೇ ಮಾಡಿದಳು. ತಾಟು ಹಿಡಿದು ನಾನು ಹಿಂದೆ ನಡೆದೆ. ಪ್ರತಿ ಮನೆಯ ಬಾಗಿಲಲ್ಲೂ ಆಯಿ ಮೊದಲು ಒಂದಿಷ್ಟು ಕಾಳು ತನ್ನ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಆಮೇಲೆ ಅವರ ಕೈಗೆ ಹಾಕುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಎದುರುಮನೆಯಲ್ಲೂ ಹಾಗೇ ಮಾಡಿದಳು.

"ನಾ ತಿಂದೇನಿ ನೋಡ ಅಕ್ಕಾ," ಅಂದಳು. "ಈಗ ನೀ ತಗೋ."

ಗೆಳತಿ ಕೈ ಚಾಚಿದಳು, ತಲೆ ಮಾತ್ರ ಎತ್ತಲಿಲ್ಲ.